ಹವ್ಯಾಸಿ ಶೋಧಕನ ಕಿರುಚಿತ್ರವೂ ನಮ್ಮೂರಿನ ಆಕಾಶವಾಣಿಯೂ

ಕಳೆದ ವರ್ಷದ ಜುಲೈ ತಿಂಗಳಲ್ಲಿ ಒಂದು ಮಧ್ಯಾಹ್ನ, ಒಂಬತ್ತನೆಯ ತರಗತಿಯ ಆರು ಮಂದಿ ವಿದ್ಯಾರ್ಥಿನಿಯರು ನಮ್ಮ ಕೊಠಡಿಯ ಬಾಗಿಲಲ್ಲಿ ಬಂದು ನಿಂತರು. ವಿಜ್ಞಾನ ಸಂಘದ ವಾರ್ಷಿಕ ಪ್ರದರ್ಶನಕ್ಕಾಗಿ ಹತ್ತು ನಿಮಿಷಗಳ ಕಿರುಚಲಚ್ಚಿತ್ರವೊಂದನ್ನು ತಾವೇ ತಯಾರಿಸಬೇಕೆಂದಿರುವುದಾಗಿಯೂ, ಅದಕ್ಕೆ ನಮ್ಮ ಅಪ್ಪಣೆಯಾಗಬೇಕೆಂದೂ ಬಿನ್ನವಿಸಿದರು. ಕಥೆಯೇನೆಂದು ಕೇಳಿದೆವು. ಅಗ್ರಹಾರದ ಹಳೆಯ ಮನೆಯೊಂದರ ಅಟ್ಟದಲ್ಲಿ ಧೂಳು ಹಿಡಿದು ಬಿದ್ದಿದ್ದ ರೇಡಿಯೋ ಪೆಟ್ಟಿಗೆಯನ್ನು ಒಬ್ಬ ಹವ್ಯಾಸಿ ಶೋಧಕನು ಕೆಳಗಿಳಿಸಿ, ಬಿಚ್ಚಿ, ತನ್ನದೇ ಆದ ಯಾವುದೋ ತಂತಿಯ ಸುರುಳಿಯನ್ನು ಅದಕ್ಕೆ ಜೋಡಿಸುತ್ತಾನೆ. ಗುಂಡಿ ತಿರುಗಿಸಿದರೆ 1935ನೆಯ ಇಸವಿಯ ಕಾರ್ಯಕ್ರಮವು ಅದರಲ್ಲಿ ಕೇಳಿಬರುತ್ತದೆ. ಇಷ್ಟೇ ಕಥೆ. ಶೋಧಕನ ಪಾತ್ರವನ್ನು ಯಾರು ವಹಿಸುವಿರೆಂದು ಕೇಳಲಾಗಿ, ಗುಂಪಿನಲ್ಲಿ ಎತ್ತರವಾಗಿದ್ದ ಹುಡುಗಿಯನ್ನು ಮುಂದೆ ನೂಕಿ, ಇವಳಿಗೆ ಹತ್ತಿಯ ಗಡ್ಡ ಅಂಟಿಸುತ್ತೇವೆಂದರು. ಶೋಧಕಿಯೇ ಏಕಾಗಬಾರದೆಂದು ನಾವು ಕೇಳಿದುದಕ್ಕೆ, "ಸಿನಿಮಾದಲ್ಲಿ ಸೈಂಟಿಸ್ಟ್ ಅಂದ್ರೆ ಹಾಗೇ ಇರೋದು, ಮೇಡಂ" ಎಂಬ ಉತ್ತರ ಬಂದಿತು.

ಆ ದಿನ ನಾವು ಅಪ್ಪಣೆ ಕೊಡಲಿಲ್ಲವೆಂಬುದನ್ನು ಮರೆಮಾಚದೆ ಹೇಳಬೇಕು. ಮುಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆ. ಶಾಲೆಯೊಳಗೆ ಮೊಬೈಲು ತರಕೂಡದೆಂಬ ನಿಯಮವನ್ನು ಮಾಡಿದವರು ನಾವೇ. ಮೇಲಾಗಿ ಸಿನಿಮಾ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಪೀಳಿಗೆಯ ಉಪಾಧ್ಯಾಯಿನಿಯರ ಹುಬ್ಬು ತಾನಾಗಿಯೇ ಗಂಟಿಕ್ಕುತ್ತದೆ. ಮೂರು ದಿನಗಳ ತರುವಾಯ ಆ ಬಾಲಿಕೆಯರಲ್ಲಿ ಒಬ್ಬಳ ತಂದೆಯವರಿಂದ ಒಂದು ಕಾಗದ ಬಂದಿತು. ಹೆಣ್ಣುಮಕ್ಕಳಿಗೆ ಕರೆಂಟಿನ ಕೆಲಸವಾಗಲಿ, ಪೆಟ್ಟಿಗೆ ಬಿಚ್ಚುವ ಕೆಲಸವಾಗಲಿ ತಕ್ಕುದಲ್ಲವೆಂದೂ, ಅದನ್ನು ತಡೆದ ನಮ್ಮ ವಿವೇಕಕ್ಕೆ ತಾವು ಋಣಿಗಳೆಂದೂ ಅವರು ಬರೆದಿದ್ದರು. ಹೊಗಳಿಕೆಯ ಆ ಕಾಗದವನ್ನು ಎರಡನೆಯ ಬಾರಿ ಓದುವಷ್ಟರಲ್ಲಿ ನಮ್ಮ ಮನಸ್ಸಿಗೆ ಕಸಿವಿಸಿಯಾಯಿತು. ನಾವು ತಡೆದದ್ದು ಪರೀಕ್ಷೆಯ ನೆವದಿಂದ. ಅವರು ಕಂಡ ಕಾರಣವೇ ಬೇರೆ. ಹೆಣ್ಣುಮಕ್ಕಳಿಗಾಗಿಯೇ ಕಟ್ಟಿದ ಶಾಲೆಯ ಮುಖ್ಯೋಪಾಧ್ಯಾಯಿನಿಯು ಆ ಕಾರಣಕ್ಕೆ ರುಜು ಹಾಕುವುದೆಂತು? ಆಗಸ್ಟ್ ತಿಂಗಳಲ್ಲಿ ಆರು ಮಂದಿಯನ್ನೂ ಕರೆಸಿ ಅಪ್ಪಣೆ ಕೊಟ್ಟೆವು. ಕೊಡುವುದಕ್ಕೆ ಮೊದಲು, ಇಂತಹ ಚಿತ್ರಗಳ ಬಗೆ ಯಾವುದು, ಅವನ್ನು ಯಾರು ಹೇಗೆ ಮಾಡಿದರು ಎಂಬುದನ್ನು ನಾವೂ ಸ್ವಲ್ಪ ವಿಚಾರಿಸಿ ತಿಳಿದುಕೊಂಡೆವು. ಪ್ರಾಕ್ತನ ವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಅದನ್ನು ಇಡುವುದು ನ್ಯಾಯವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ವೈಜ್ಞಾನಿಕ ಕಲ್ಪಿತ ಕಥೆಯೆಂದರೆ ಅಂಕೆಯಿಲ್ಲದ ಕಟ್ಟುಕಥೆಯೆಂದು ಹಲವರು ಎಣಿಸಿರುವರು. ಅಜ್ಜಿಯ ಕಥೆಯಲ್ಲಿ ಕಂಬಳಿ ಹಾರಬಹುದು, ಕುಂಬಳಕಾಯಿ ಮಾತನಾಡಬಹುದು. ಯಾರೂ ಕಾರಣ ಕೇಳುವುದಿಲ್ಲ. ಈ ಬಗೆಯ ಕಥೆಯಲ್ಲಾದರೋ, ಸೃಷ್ಟಿಯ ನಿಯಮಗಳಲ್ಲಿ ಯಾವುದಾದರೂ ಒಂದನ್ನು ಕಥೆಗಾರನು ಸಡಿಲಿಸಿ, ಮಿಕ್ಕವೆಲ್ಲವೂ ಇದ್ದಂತೆಯೇ ಇರುವುದೆಂದು ಒಪ್ಪಿಕೊಂಡು, ಆ ಒಂದರಿಂದ ಏನೇನಾದೀತೆಂದು ಲೆಕ್ಕಹಾಕುತ್ತಾನೆ. ಕಿರುಚಿತ್ರದಲ್ಲಿ ಸಮಯವು ಸ್ವಲ್ಪವಾದುದರಿಂದ ಒಂದೇ ಯಂತ್ರ, ಒಂದೇ ಕೊಠಡಿ, ಒಬ್ಬಿಬ್ಬರು ಪಾತ್ರಧಾರಿಗಳು ಸಾಕಾಗುತ್ತಾರೆ. ದೊಡ್ಡ ಕಂಪನಿಗಳ ಹಣವಿಲ್ಲದೆ ಸ್ವತಂತ್ರವಾಗಿ ಚಿತ್ರ ತೆಗೆಯಹೊರಟವರು ಮೇಲಿಂದ ಮೇಲೆ ಹವ್ಯಾಸಿ ಶೋಧಕನ ಕಥೆಯನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ; ಚಿತ್ರ ತೆಗೆಯುವವರ ಕಷ್ಟವೂ ಶೋಧಕನ ಕಷ್ಟವೂ ಒಂದೇ ಆಗಿರುವುದು ಇನ್ನೊಂದು ಕಾರಣ. ಇಬ್ಬರೂ ಹಿತ್ತಲಿನ ಷೆಡ್ಡಿನಲ್ಲಿ ಸಿಕ್ಕಿದ ಸಾಮಾನಿನಿಂದಲೇ ಕೆಲಸ ಸಾಗಿಸಬೇಕಾದವರು.

ಈ ಬಗೆಯ ಚಿತ್ರವು ಚಲಚ್ಚಿತ್ರದಷ್ಟೇ ಹಳೆಯದು. ಪ್ಯಾರಿಸ್ ನಗರದಲ್ಲಿ ಪಾದರಕ್ಷೆಯ ವ್ಯಾಪಾರಿಯ ಮಗನಾಗಿ 1861ರಲ್ಲಿ ಹುಟ್ಟಿದ ಜಾರ್ಜ್ ಮೇಲಿಯೆಸ್ ಎಂಬಾತನು ತಂದೆಯ ಕಾರ್ಖಾನೆಯನ್ನು ಬಿಟ್ಟು, 1888ರಲ್ಲಿ ಒಂದು ಇಂದ್ರಜಾಲದ ನಾಟಕಶಾಲೆಯನ್ನು ಕೊಂಡುಕೊಂಡನು. 1895ನೆಯ ಇಸವಿಯ ಡಿಸೆಂಬರ್ 28ರಂದು ಲ್ಯೂಮಿಯೇರ್ ಸಹೋದರರು ಮೊತ್ತಮೊದಲು ಹಣ ಪಡೆದು ಚಲಚ್ಚಿತ್ರ ತೋರಿಸಿದಾಗ ಪ್ರೇಕ್ಷಕರಲ್ಲಿ ಆತನೂ ಇದ್ದನು. ಆ ಯಂತ್ರವನ್ನು ಮಾರುವಿರಾ ಎಂದು ಕೇಳಿದಾಗ ಅವರು ಒಪ್ಪಲಿಲ್ಲ. ಆತನು ಲಂಡನಿನಿಂದ ಬೇರೊಂದು ಯಂತ್ರವನ್ನು ತರಿಸಿ, ಚಿತ್ರವನ್ನು ತೋರಿಸುವ ಆ ಯಂತ್ರವನ್ನು ತನ್ನ ಮೆಕ್ಯಾನಿಕ್ಕುಗಳೊಡನೆ ಕುಳಿತು ಚಿತ್ರವನ್ನು ತೆಗೆಯುವ ಯಂತ್ರವನ್ನಾಗಿ ಮಾರ್ಪಡಿಸಿದನು. 1897ರಲ್ಲಿ ಊರಾಚೆ ಮೋಂತ್ರೆಯ್ ಎಂಬಲ್ಲಿ ಗಾಜಿನ ಗೋಡೆ, ಗಾಜಿನ ಛಾವಣಿಗಳ ಚಿತ್ರಶಾಲೆಯನ್ನು ಕಟ್ಟಿಸಿದನು. ಹೀಗೆ ಆತನೇ ಒಬ್ಬ ಹವ್ಯಾಸಿ ಶೋಧಕನು. 1902ರಲ್ಲಿ ಆತನು ತೆಗೆದ ಚಂದ್ರಲೋಕದ ಯಾತ್ರೆಯ ಚಿತ್ರವನ್ನು ನೋಡದವರೂ, ಚಂದ್ರನ ಕಣ್ಣಿಗೆ ಗುಂಡು ನಾಟಿರುವ ಅದರ ಒಂದು ಚಿತ್ರಪಟವನ್ನು ಎಲ್ಲಾದರೂ ನೋಡಿಯೇ ಇರುತ್ತಾರೆ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು 1905-06ರಲ್ಲಿ ಆತನು ತೆಗೆದ ಮೂರು ನಿಮಿಷಗಳಷ್ಟು ಚಿಕ್ಕದಾದ ಇನ್ನೊಂದು ಚಿತ್ರ. ಅದಕ್ಕೆ 'ಅದ್ಭುತ ವಾಯುನೌಕೆ, ಅಥವಾ ಶೋಧಕನೊಬ್ಬನ ದುಃಸ್ವಪ್ನ' ಎಂಬರ್ಥದ ಹೆಸರಿದೆ. ಶೋಧಕನು ತನ್ನ ಕೊಠಡಿಯಲ್ಲಿ ವಾಯುನೌಕೆಯ ನಕ್ಷೆಯನ್ನು ಸಡಗರದಿಂದ ಬರೆಯುತ್ತಾ ನಿದ್ರೆಹೋಗುತ್ತಾನೆ. ಕುಟ್ಟಿಪಿಶಾಚಿಗಳು ಬಂದು ಕೊಠಡಿಯನ್ನು ಚೆಲ್ಲಾಪಿಲ್ಲಿಮಾಡುತ್ತವೆ. ಕನಸಿನಲ್ಲಿ ನೌಕೆಯು ಆಕಾಶಕ್ಕೇರಿ ಸೊಗಸಾಗಿ ತೇಲುತ್ತದೆ. ಕೊನೆಗೆ ಬೆಂಕಿ ತಗಲಿ ಸಿಡಿದುಹೋಗುತ್ತದೆ. ಶೋಧಕನು ಬೆಚ್ಚಿ ಏಳುತ್ತಾನೆ. ಆ ಕಾಲದ ಪ್ಯಾರಿಸಿನ ಜನಕ್ಕೆ ಇದು ಬರಿಯ ಕಲ್ಪನೆಯಾಗಿರಲಿಲ್ಲ. 1901ರ ಅಕ್ಟೋಬರ್ 19ರಂದು ಸಾಂತೊಸ್ ದುಮಾಂಟ್ ಎಂಬ ಬ್ರೆಜಿಲ್ ದೇಶದ ಶ್ರೀಮಂತ ಯುವಕನು ತಾನೇ ಮಾಡಿಸಿದ ವಾಯುನೌಕೆಯಲ್ಲಿ ಐಫೆಲ್ ಗೋಪುರವನ್ನು ಸುತ್ತಿಬಂದುದನ್ನು ಅವರು ಕಣ್ಣಾರೆ ಕಂಡಿದ್ದರು. ಆತನು ತನಗೆ ಬಂದ ಬಹುಮಾನದ ಹಣವನ್ನು ಕೆಲಸಗಾರರಿಗೂ ಊರಿನ ಬಡವರಿಗೂ ಹಂಚಿಬಿಟ್ಟನೆಂಬುದನ್ನು ಈ ಸಂದರ್ಭದಲ್ಲಿ ಹೇಳದೆ ಇರಲಾರೆವು.

ಇಂತಹ ಚಿತ್ರದಲ್ಲಿ ಪಿಶಾಚಿಗಳು ಥಟ್ಟನೆ ಕಾಣಿಸಿಕೊಳ್ಳುವುದು ಹೇಗೆಂದು ನಮ್ಮ ಬಾಲಿಕೆಯರು ಮೊದಲು ಕೇಳಿದರು. ಉಪಾಯ ಸುಲಭ. ಕ್ಯಾಮರಾವನ್ನು ಕದಲಿಸದೆ ನಿಲ್ಲಿಸಿ, ನಟರನ್ನು ಇದ್ದಲ್ಲಿಯೇ ಅಲುಗಾಡದಿರುವಂತೆ ಹೇಳಿ, ಹೊಸಬನನ್ನು ಒಳಗೆ ಕರೆದು, ಮತ್ತೆ ಕ್ಯಾಮರಾವನ್ನು ನಡೆಯಿಸಿದರೆ ನಡುವಣ ಕಾಲವು ಚಿತ್ರದಲ್ಲಿ ಇಲ್ಲವಾಗುತ್ತದೆ. ಪ್ಯಾರಿಸಿನ ಬೀದಿಯೊಂದರಲ್ಲಿ ಚಿತ್ರ ತೆಗೆಯುವಾಗ ತನ್ನ ಯಂತ್ರವು ಕ್ಷಣಕಾಲ ಸಿಕ್ಕಿಕೊಂಡು, ತೆರೆಯ ಮೇಲೆ ಬಸ್ಸು ಹೋಗಿ ಶವದ ಗಾಡಿಯಾಗಿ ಕಂಡಿತೆಂದೂ, ಅದರಿಂದಲೇ ತಾನು ಈ ಉಪಾಯವನ್ನು ಕಲಿತೆನೆಂದೂ ಮೇಲಿಯೆಸನು ಮುಂದೆ ಹೇಳಿಕೊಂಡಿದ್ದಾನೆ. ಐಂದ್ರಜಾಲಿಕನ ಮಾತನ್ನು ಎಷ್ಟು ನಂಬಬಹುದೆಂಬುದು ವಾಚಕರಿಗೆ ಬಿಟ್ಟದ್ದು.

ಆದರೆ ಆ ಚಿತ್ರಗಳ ಬಣ್ಣದ ಪ್ರತಿಗಳ ಸಂಗತಿಯು ನಮ್ಮನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿತು. ಬಣ್ಣದ ಫಿಲ್ಮು ಇನ್ನೂ ಇಲ್ಲದಿದ್ದ ಕಾಲ. ಪ್ಯಾರಿಸಿನಲ್ಲಿ ಎಲಿಜಬೆತ್ ತೂಲಿಯೇ ಎಂಬ ಮಹಿಳೆಯು ನಡೆಸುತ್ತಿದ್ದ ಕಾರ್ಯಾಲಯದಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಹೆಂಗಸರು ಕುಳಿತು, ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಲ್ಲದ ಒಂದೊಂದು ಚೌಕಟ್ಟಿಗೂ ನವುರಾದ ಕುಂಚದಿಂದ ಬಣ್ಣ ಹಚ್ಚುತ್ತಿದ್ದರು. ಒಬ್ಬೊಬ್ಬಳ ಪಾಲಿಗೆ ಒಂದೊಂದು ಬಣ್ಣ. ಒಬ್ಬಳು ಕೆಂಪನ್ನು ಮುಗಿಸಿ ದಾಟಿಸಿದರೆ ಪಕ್ಕದವಳು ಹಳದಿಯನ್ನು ತೊಡಗುವಳು. ಸೆಕೆಂಡಿಗೆ 16 ಚೌಕಟ್ಟುಗಳೆಂದು ಹಿಡಿದರೂ ಮೂರು ನಿಮಿಷಗಳ ಚಿತ್ರಕ್ಕೆ 2,880 ಚೌಕಟ್ಟುಗಳಾಗುತ್ತವೆ. ಅದೂ ಒಂದು ಪ್ರತಿಗೆ. ತೆರೆಯ ಮೇಲೆ ಶೋಧಕನು ಒಬ್ಬಂಟಿಗನಾಗಿ ನಿದ್ರಿಸುತ್ತಿರುತ್ತಾನೆ. ತೆರೆಯ ಹಿಂದೆ ಹೆಸರಿಲ್ಲದ ಇನ್ನೂರು ಮಂದಿ ಎಚ್ಚರವಾಗಿದ್ದಾರೆ. ಚಂದ್ರಯಾತ್ರೆಯ ಚಿತ್ರದ ಬಣ್ಣದ ಪ್ರತಿಯೊಂದು 1993ರಲ್ಲಿ ಸ್ಪೇಯಿನ್ ದೇಶದ ಬಾರ್ಸಿಲೋನದಲ್ಲಿ ದೊರೆತು, ಬಹು ಶ್ರಮದಿಂದ ಸರಿಪಡಿಸಲ್ಪಟ್ಟು 2011ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ಮೇಲಿಯೆಸನಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಐನೂರಕ್ಕೂ ಮಿಕ್ಕ ಚಿತ್ರಗಳನ್ನು ತೆಗೆದ ಆತನು ಸಾಲದಲ್ಲಿ ಮುಳುಗಿ, ಬೇಸರದಿಂದ ತನ್ನ ನೆಗೆಟಿವುಗಳನ್ನು ತಾನೇ ಸುಟ್ಟು, ಹಲವು ವರ್ಷ ಪ್ಯಾರಿಸಿನ ರೈಲುನಿಲ್ದಾಣವೊಂದರಲ್ಲಿ ಮಕ್ಕಳ ಆಟದ ಸಾಮಾನನ್ನೂ ಮಿಠಾಯಿಯನ್ನೂ ಮಾರುತ್ತಿದ್ದು, 1938ರಲ್ಲಿ ತೀರಿಕೊಂಡನು.

ಕನಸಿನ ಮಾತು ಬಂದುದರಿಂದ ಇನ್ನೊಂದು ಕನಸನ್ನೂ ಹೇಳಬೇಕು. ಫ್ರಾನ್ಸಿನ ಶೋಧಕನು ಮೇಜಿನ ಮೇಲೆ ತಲೆಯಿಟ್ಟು ನಿದ್ರಿಸಿದ ಅದೇ ಕಾಲದಲ್ಲಿ, ಎಂದರೆ 1905ರಲ್ಲಿ, ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಎಂಬ ಮುಸಲ್ಮಾನ ಮಹಿಳೆಯು ಆರಾಮಕುರ್ಚಿಯಲ್ಲಿ ಕುಳಿತ ಒಬ್ಬ ಹೆಂಗಸಿನ ಕನಸನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಅಚ್ಚಾದುದು ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ. ಆ ಪತ್ರಿಕೆಯನ್ನು 1901ರಲ್ಲಿ ಆರಂಭಿಸಿ ನಡೆಸುತ್ತಿದ್ದವರು ನಮ್ಮ ಮತಸ್ಥರೇ ಆದ ಶ್ರೀಮತಿ ಕಮಲಾ ಸತ್ತಿಯಾನಾಧನ್ ಅವರು. 'ಸುಲ್ತಾನಳ ಕನಸು' ಎಂಬ ಆ ಕಥೆಯಲ್ಲಿ ಗಂಡಸರು ಅಂತಃಪುರದಲ್ಲಿರುತ್ತಾರೆ. ಹೆಂಗಸರ ವಿಶ್ವವಿದ್ಯಾಲಯವೊಂದು ಮೋಡಗಳಿಂದ ನೀರನ್ನು ನೇರವಾಗಿ ಕೊಳವೆಯಲ್ಲಿ ಇಳಿಸಿಕೊಳ್ಳುವ ಬೆಲೂನನ್ನು ಕಂಡುಹಿಡಿದರೆ, ಇನ್ನೊಂದು ವಿಶ್ವವಿದ್ಯಾಲಯವು ಬಿಸಿಲಿನ ಶಾಖವನ್ನು ಕೂಡಿಡುವ ಯಂತ್ರವನ್ನು ಕಂಡುಹಿಡಿಯುತ್ತದೆ. ಅಲ್ಲಿನ ಅಡಿಗೆಮನೆಗಳಲ್ಲಿ ಹೊಗೆಯೇ ಇಲ್ಲ. ಆ ಕಥೆಯನ್ನು ಆಧರಿಸಿ ಸ್ಪೇಯಿನಿನ ಇಸಾಬೆಲ್ ಎರ್ಗೆರಾ ಎಂಬಾಕೆಯು ಒಂದು ಬರೆದ ಚಿತ್ರಗಳ ಚಲಚ್ಚಿತ್ರವನ್ನು ಮಾಡಿ 2023ರಲ್ಲಿ ತೋರಿಸಿದ್ದಾರೆ. ಇದನ್ನು ಕೇಳಿದ ದಿನವೇ ನಮ್ಮ ಗುಂಪಿನವರು ಹತ್ತಿಯ ಗಡ್ಡವನ್ನು ಕಸದ ಬುಟ್ಟಿಗೆ ಹಾಕಿದರು. ಕಥೆಯ ಶೋಧಕನು ಅಜ್ಜಿಯ ಮನೆಗೆ ರಜೆಗೆ ಬಂದ ಮೊಮ್ಮಗಳಾದನು.

ನಮ್ಮ ದೇಶದಲ್ಲಿ ಚಲಚ್ಚಿತ್ರವು ಹುಟ್ಟಿದ ಬಗೆಯೂ ಹವ್ಯಾಸಿಯೊಬ್ಬರ ಮನೆಯ ಕಥೆಯೇ. ದಾದಾಸಾಹೇಬ್ ಫಾಲ್ಕೆಯವರು ಮುಂಬಯಿಯ ಒಂದು ಗುಡಾರದಲ್ಲಿ ಯೇಸುಸ್ವಾಮಿಯ ಜೀವಿತದ ಚಿತ್ರವನ್ನು ನೋಡಿ ಬೆರಗಾಗಿ, ಮತ್ತೊಮ್ಮೆ ಪತ್ನಿಯವರನ್ನೂ ಕರೆದುಕೊಂಡು ಹೋಗಿ ನೋಡಿ, ಇದೇ ರೀತಿ ಕೃಷ್ಣನ ಕಥೆಯನ್ನು ಏಕೆ ತೆಗೆಯಬಾರದೆಂದು ಯೋಚಿಸಿದರೆಂಬುದು ಪ್ರಸಿದ್ಧವಾಗಿದೆ. 1912ರಲ್ಲಿ ಲಂಡನಿಗೆ ಹೋಗಿ ಕ್ಯಾಮರಾ ಕೊಂಡುತಂದರು. ಆದರೆ ಸಾಲ ಕೊಡುವವರಿಗೆ ನಂಬಿಕೆ ಬರಬೇಕಲ್ಲ! ಕುಂಡದಲ್ಲಿ ಬಟಾಣಿಯ ಬೀಜವನ್ನು ಬಿತ್ತಿ, ಕ್ಯಾಮರಾವನ್ನು ಅದರ ಮುಂದೆ ಕದಲದಂತೆ ನಿಲ್ಲಿಸಿ, ದಿನದಿನವೂ ಚೌಕಟ್ಟುಗಳನ್ನು ತೆಗೆದರು. ಒಂದು ತಿಂಗಳಿಗೂ ಮಿಕ್ಕ ಬೆಳವಣಿಗೆಯು ತೆರೆಯ ಮೇಲೆ ಒಂದು ನಿಮಿಷದಲ್ಲಿ ನಡೆದುಹೋಯಿತು. ಬೀಜ ಮೊಳೆತು, ಎಲೆ ಬಿಟ್ಟು, ಬಳ್ಳಿ ಹಬ್ಬಿತು. 'ಅಂಕುರಾಚೀ ವಾಢ' ಎಂದರೆ ಮೊಳಕೆಯ ಬೆಳವಣಿಗೆ ಎಂಬ ಆ ಕಿರುಚಿತ್ರವನ್ನು ನೋಡಿ ಹಣವಂತರು ಕೈಯೆತ್ತಿ ಕೊಟ್ಟರು. 1913ರ ಮೇ 3ರಂದು ತೆರೆಕಂಡ 'ರಾಜಾ ಹರಿಶ್ಚಂದ್ರ'ಕ್ಕೆ ಅದೇ ಬಂಡವಾಳ.

ಇದರಲ್ಲಿ ಸರಸ್ವತೀಬಾಯಿ ಫಾಲ್ಕೆಯವರ ಪಾಲೇನೆಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಆಗಿನ ಕಚ್ಚಾ ಫಿಲ್ಮಿನ ಅಂಚಿಗೆ ತೂತುಗಳಿರುತ್ತಿರಲಿಲ್ಲ. ಯಂತ್ರದ ಹಲ್ಲು ಹಿಡಿಯುವ ಆ ತೂತುಗಳನ್ನು ಕತ್ತಲೆಯ ಕೋಣೆಯಲ್ಲಿ ಕೊರೆಯಬೇಕು. ಒಂದು ಕೂದಲೆಳೆಯಷ್ಟು ತಪ್ಪಿದರೂ ಚಿತ್ರವು ತೆರೆಯ ಮೇಲೆ ಕುಣಿಯುತ್ತದೆ. ಆ ಕೆಲಸವನ್ನು ಕಲಿತು ಮಾಡಿದವರು ಆಕೆ. ಫಿಲ್ಮು ತೊಳೆಯುವ ರಾಸಾಯನಿಕಗಳನ್ನು ಬೆರೆಸುತ್ತಿದ್ದವರೂ, ಒಡವೆಗಳನ್ನು ಅಡವಿಡಲು ಒಪ್ಪಿದವರೂ, ಚಿತ್ರದ ತಂಡದವರಿಗೆಲ್ಲ ಅಡಿಗೆಮಾಡಿ ಬಡಿಸಿದವರೂ ಆಕೆಯೇ. ಹೆಣ್ಣುಮಕ್ಕಳಿಗೆ ಯಂತ್ರದ ಕೆಲಸ ತಕ್ಕುದಲ್ಲವೆಂದು ಬರೆದ ಆ ತಂದೆಯವರಿಗೆ ನಾವು ಕೊಟ್ಟ ಉತ್ತರದಲ್ಲಿ ಈ ಒಂದು ಸಂಗತಿಯನ್ನು ಮಾತ್ರ ತಿಳಿಸಿದೆವು. ಬೇರೆ ವಾದ ಹೂಡಲಿಲ್ಲ.

ಇನ್ನು ಬಾಲಿಕೆಯರ ಕಥೆಯಲ್ಲಿ ಬರುವ 1935ನೆಯ ಇಸವಿಯ ಮಾತು. ಅದನ್ನು ಅವರು ಸುಮ್ಮನೆ ಆರಿಸಿದ್ದಲ್ಲ. ನಮ್ಮ ಅಗ್ರಹಾರದಿಂದ ಹೊರಟು, ಊರನ್ನು ಹಾಯ್ದು, ರೈಲುನಿಲ್ದಾಣವನ್ನು ದಾಟಿದರೆ ಯಾದವಗಿರಿ ಸಿಕ್ಕುವುದು. ಅಲ್ಲಿ 'ವಿಠಲ ವಿಹಾರ'ವೆಂಬ ತಮ್ಮ ಮನೆಯಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅವರು ಎಂಜಿನಿಯರರಲ್ಲ, ಭೌತಶಾಸ್ತ್ರದ ಪಂಡಿತರೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನಿನಲ್ಲಿ ಸ್ಪಿಯರ್‌ಮನ್ ಎಂಬ ವಿದ್ವಾಂಸರ ಬಳಿ ಅಭ್ಯಾಸಮಾಡಿ ಬಂದು, 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದವರು. ಬಾನುಲಿಯು ಅವರಿಗೆ ಹವ್ಯಾಸ. ಮೊದಲಲ್ಲಿದ್ದ ಪ್ರಸಾರಯಂತ್ರದ ಶಕ್ತಿಯು ಒಂದು ಮನೆಯ ವಿದ್ಯುದ್ದೀಪವನ್ನು ಉರಿಸುವಷ್ಟೇ. ತರುವಾಯ 250 ವ್ಯಾಟ್ ಶಕ್ತಿಯ ಯಂತ್ರವು ಬಂದಿತು. ಸಂಗೀತವೂ ಭಾಷಣಗಳೂ ಆ ಮನೆಯಿಂದ ಹೊರಟು ಊರನ್ನು ಮುಟ್ಟಿದವು. 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಸರ್ಕಾರದ ಬಾನುಲಿಗೆ ಬಂದುದು 1936ರ ಜೂನ್ ತಿಂಗಳಲ್ಲಿ; ನಮ್ಮೂರಿನ ಪ್ರಾಧ್ಯಾಪಕರ ಕೇಂದ್ರವು ಅದಕ್ಕಿಂತ ಒಂಬತ್ತು ತಿಂಗಳು ಹಿರಿಯದು.

ಆ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು. ಪುರಾಣದಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯನ್ನು ಬಲ್ಲ ಜನಕ್ಕೆ ಇದಕ್ಕಿಂತ ಒಪ್ಪುವ ಹೆಸರುಂಟೆ? ಅದೇ ಕಾಲೇಜಿನ ಅಧ್ಯಾಪಕರೂ ವಿನೋದ ಬರಹಗಾರರೂ ಆಗಿದ್ದ ನಾ. ಕಸ್ತೂರಿಯವರು ಕೇಂದ್ರದ ಕೆಲಸದಲ್ಲಿ ಬಲಗೈಯಾಗಿ ನಿಂತರು. ಸ್ವಂತ ಹಣವೂ ಊರಿನವರ ನೆರವೂ ಕೂಡಿ ಏಳು ವರ್ಷ ನಡೆದ ಮೇಲೆ, 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಭಾರತ ಸರ್ಕಾರದ ಬಾನುಲಿಗೆ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರಿನ ಕೇಂದ್ರವು ತೆರೆದಾಗ ಮೈಸೂರಿನದು ಅಲ್ಲಿಗೆ ಹೋಯಿತು. ಮೈಸೂರಿಗೆ ಮತ್ತೆ ಕೇಂದ್ರವಾದುದು 1974ರಲ್ಲಿ, ಅದೂ ಯಾದವಗಿರಿಯಲ್ಲಿಯೇ. ಇಷ್ಟರಲ್ಲಿ ಒಂದು ಮನೆಯ ಹೆಸರು ದೇಶದ ಹೆಸರಾಗಿತ್ತು. 1950ರ ದಶಕದಲ್ಲಿ ಭಾರತದ ಬಾನುಲಿಯು ಆಕಾಶವಾಣಿಯೆಂದು ಕರೆದುಕೊಂಡಿತು. 2023ರಲ್ಲಿ ಇಂಗ್ಲಿಷಿನ ಹೆಸರನ್ನೂ ಬಿಟ್ಟು ಅದೊಂದನ್ನೇ ಉಳಿಸಿಕೊಂಡಿತು.

ಫ್ರಾನ್ಸಿನ ಚಿತ್ರದ ಶೋಧಕನನ್ನೂ ಯಾದವಗಿರಿಯ ಪ್ರಾಧ್ಯಾಪಕರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರೆಂದು ನಾವು ಬಾಲಿಕೆಯರಿಗೆ ಹೇಳಿದೆವು. ಚಿತ್ರದ ಶೋಧಕನಿಗೆ ಯಂತ್ರವು ಒಂದೇ ಇರುಳಿನಲ್ಲಿ ಹಾರುತ್ತದೆ, ಒಂದೇ ಇರುಳಿನಲ್ಲಿ ಸುಡುತ್ತದೆ; ಆತನಿಗೆ ಯಾರ ಹಂಗೂ ಇಲ್ಲ. ನಿಜವಾದ ಕೇಂದ್ರಕ್ಕೆ ಪ್ರತಿದಿನವೂ ಸಂಜೆ ಯಾರಾದರೂ ಬಂದು ಹಾಡಬೇಕು, ಮಾತನಾಡಬೇಕು. ಕೆಟ್ಟ ವಾಲ್ವನ್ನು ಬದಲಿಸಬೇಕು. ಬಂದವರಿಗೆ ಕಾಫಿ ಕೊಡಬೇಕು. ಮುಂದಿನ ತಿಂಗಳ ಖರ್ಚಿಗೆ ಯಾರ ಮನೆಯ ಮೆಟ್ಟಲು ಹತ್ತುವುದೆಂದು ಯೋಚಿಸಬೇಕು. ಮೊದಲ ದಿನದ ಪ್ರಸಾರವು ಸುದ್ದಿ. ಎರಡು ಸಾವಿರದ ದಿನದ ಪ್ರಸಾರವೇ ಸಾಧನೆ. ಸಿನಿಮಾದವರು ಏಕೋ ಇದನ್ನು ತೋರಿಸುವುದಿಲ್ಲ. ಬಹುಶಃ ತೋರಿಸಲು ಹತ್ತು ನಿಮಿಷ ಸಾಲದು.

ಯಾದವಗಿರಿಯ ಪ್ರಸ್ತಾಪ ಬಂದಾಗ ಅಲ್ಲಿಯೇ ಮನೆ ಕಟ್ಟಿಸಿದ್ದ ಆರ್. ಕೆ. ನಾರಾಯಣ್ ಅವರನ್ನು ನೆನೆಯದಿರುವುದು ಹೇಗೆ? 1967ರಲ್ಲಿ ಅಚ್ಚಾದ, ಮಿಠಾಯಿ ವ್ಯಾಪಾರಿಯೊಬ್ಬನನ್ನು ಕುರಿತ ಅವರ ಕಾದಂಬರಿಯಲ್ಲಿ, ಆ ವ್ಯಾಪಾರಿಯ ಮಗನು ಅಮೆರಿಕದಿಂದ ಹಿಂದಿರುಗಿ, ಕಥೆ ಬರೆಯುವ ಯಂತ್ರವನ್ನು ತಯಾರಿಸಲು ತಂದೆಯಿಂದ ಬಂಡವಾಳ ಕೇಳುತ್ತಾನೆ. ಆಗ ಅದು ನಗೆಯ ಮಾತು. ಈಗ ಅಂತಹ ಯಂತ್ರವು ಪ್ರತಿಯೊಬ್ಬರ ಮೊಬೈಲಿನಲ್ಲಿ ಬಂದು ಕುಳಿತಿದೆ. ನಮ್ಮ ಮಕ್ಕಳ ಪ್ರಬಂಧಗಳಲ್ಲಿ ಅದರ ಕೈವಾಡವನ್ನು ನಾವು ಪತ್ತೆಹಚ್ಚುವುದೂ ಉಂಟು. ನಾರಾಯಣರಿದ್ದಿದ್ದರೆ ಎಷ್ಟು ನಗುತ್ತಿದ್ದರೋ ತಿಳಿಯದು; ನಮಗಂತೂ ನಗು ಬರುವುದಿಲ್ಲ.

ಕಥೆಯ ಕೇಂದ್ರದಲ್ಲಿರುವ ಪ್ರಶ್ನೆಯನ್ನೂ ಭೌತಶಾಸ್ತ್ರದ ಉಪಾಧ್ಯಾಯಿನಿಯವರು ತರಗತಿಯಲ್ಲಿ ಎತ್ತಿಕೊಂಡರು. 1935ರ ದನಿಯು ಇಂದು ಕೇಳಿಸುವುದು ಸಾಧ್ಯವೆ? ಮೈಕಿನ ಮುಂದೆ ಆಡಿದ ಮಾತು ಮೊದಲು ವಿದ್ಯುತ್ತಿನ ಏರಿಳಿತವಾಗುತ್ತದೆ. ಆ ಏರಿಳಿತವನ್ನು ಬಲವಾದ ವಾಹಕ ತರಂಗವೊಂದರ ಮೇಲೆ ಹೊರಿಸುತ್ತಾರೆ. ಕಂಬಕ್ಕೆ ಕಟ್ಟಿದ ತಂತಿಯಿಂದ ಅದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ನಾಲ್ಕು ದಿಕ್ಕಿಗೂ ಓಡುತ್ತದೆ. ಆ ಬಗೆಯ ತರಂಗಗಳಲ್ಲಿ ಬಹುಭಾಗವು ಮೇಲಣ ವಾಯುಮಂಡಲದ ವಿದ್ಯುತ್ಪದರದಲ್ಲಿಯೂ ನೆಲದಲ್ಲಿಯೂ ಹೀರಿಹೋಗುತ್ತದೆ. ಒಂದಿಷ್ಟು ತಪ್ಪಿಸಿಕೊಂಡು ಹೊರಗೆ ಹೋಯಿತೆಂದೇ ಇಟ್ಟುಕೊಂಡರೂ, ವರ್ಷಕ್ಕೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರುಗಳಂತೆ ಅದು ತೊಂಬತ್ತು ವರ್ಷ ನಮ್ಮಿಂದ ದೂರಕ್ಕೇ ಓಡುತ್ತಿದೆ. ಹಿಂದಿರುಗಬೇಕಾದರೆ ಎದುರಿಗೆ ಕನ್ನಡಿಯಂತಹ ಪದಾರ್ಥವೇನಾದರೂ ಇರಬೇಕು. ಇದ್ದರೂ ದನಿಯು ಇಷ್ಟು ಕ್ಷೀಣಿಸಿರುವುದೆಂದರೆ ಯಾವ ಪೆಟ್ಟಿಗೆಯೂ ಅದನ್ನು ಹಿಡಿಯಲಾರದು. ಆದುದರಿಂದ ಸಾಧ್ಯವಿಲ್ಲ. ಇದನ್ನು ಕೇಳಿ ಬಾಲಿಕೆಯರು ಕಥೆಯನ್ನೇ ಕೈಬಿಡುವರೆಂದು ಎಣಿಸಿದ್ದೆವು. ಅವರು ಆ ಅಸಾಧ್ಯವನ್ನೇ ಕಥೆಯೊಳಗೆ ಸೇರಿಸಿದರು: ಮೊಮ್ಮಗಳು ಹಲಗೆಯ ಮೇಲೆ ಈ ಲೆಕ್ಕವನ್ನೆಲ್ಲ ಬರೆದು, ಆಗದೆಂದು ಕೆಳಗೆ ಗೆರೆ ಎಳೆಯುತ್ತಾಳೆ, ಅವಳ ಬೆನ್ನಹಿಂದೆ ಪೆಟ್ಟಿಗೆ ಮಾತನಾಡುತ್ತದೆ. ಒಂದು ನಿಯಮವನ್ನು ಸಡಿಲಿಸಿ ಮಿಕ್ಕವನ್ನು ಇದ್ದಂತೆಯೇ ಇಡುವುದೆಂದರೆ ಇದೇ.

ಕರೆಂಟಿನ ವಿಷಯದಲ್ಲಿ ಆ ತಂದೆಯವರ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ವಾಲ್ವಿನ ಹಳೆಯ ಪೆಟ್ಟಿಗೆಗಳ ಒಳಗೆ ಇನ್ನೂರು ಮುನ್ನೂರು ವೋಲ್ಟುಗಳ ಒತ್ತಡವಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಲವು ಭಾಗಗಳಲ್ಲಿ ವಿದ್ಯುತ್ತು ಉಳಿದುಕೊಂಡು ಕೈಗೆ ಹೊಡೆಯಬಲ್ಲುದು. ಆದಕಾರಣ ಉಪಾಧ್ಯಾಯಿನಿಯವರು ಮೊದಲ ದಿನವೇ ವೈರನ್ನು ಬುಡಕ್ಕೆ ಕತ್ತರಿಸಿಬಿಟ್ಟರು. ಡಯಲಿನ ಹಿಂದೆ ಟಾರ್ಚಿನ ಪುಟ್ಟ ಬಲ್ಬು, ಎರಡು ಸೆಲ್ಲು; ಅಷ್ಟರಿಂದಲೇ ಹಳದಿಯ ಬೆಳಕು ಬಂದಿತು. ಗುಂಡಿ ತಿರುಗಿಸಿದೊಡನೆ ದನಿ ಬರುವಂತೆ ಬಾಲಿಕೆಯರು ಚಿತ್ರಿಸಿದ್ದರು. ಪೆಟ್ಟಿಗೆಯನ್ನು ಎರವಲು ಕೊಟ್ಟಿದ್ದ ಅಜ್ಜಿಯವರು ಅದನ್ನು ನೋಡಿ, "ಅಷ್ಟು ಬೇಗ ಎಲ್ಲಿ ಬರ್ತಿತ್ತು ಮಗಾ? ಮೊದಲು ದೀಪ ಹತ್ಕೋಬೇಕು, ಆಮೇಲೆ ಒಳಗೆ ಬಿಸಿಯಾಗಬೇಕು, ಅಷ್ಟೊತ್ತಿಗೆ ನಾವೆಲ್ಲ ಸುತ್ತ ಕೂತಿರ್ತಿದ್ವಿ" ಎಂದರು. ವಾಲ್ವಿನ ತಂತಿ ಕಾದು ಕೆಂಪಗಾಗುವವರೆಗೆ ದನಿಯಿಲ್ಲವೆಂಬುದು ನಿಜವೇ. ಆ ದೃಶ್ಯವನ್ನು ಮತ್ತೆ ತೆಗೆದರು. ಈಗ ಚಿತ್ರದಲ್ಲಿ ಅರ್ಧ ನಿಮಿಷ ಮೌನವಿದೆ, ಡಯಲಿನ ಬೆಳಕು ಮಾತ್ರವಿದೆ. ನಾವು ನೋಡಿದ ಭಾಗಗಳಲ್ಲಿ ಅದೇ ಅತ್ಯಂತ ಚೆನ್ನಾಗಿದೆ.

ಮೊಬೈಲಿನಲ್ಲಿ ತೆಗೆಯುವ ಚಿತ್ರಕ್ಕೆ ಸೆಕೆಂಡಿಗೆ 24 ಚೌಕಟ್ಟುಗಳೆಂದರೆ ಹತ್ತು ನಿಮಿಷಗಳಿಗೆ 14,400. ಅವನ್ನು ತೆಗೆಯುವುದು ಸುಲಭವೆಂದೂ, ಆರಿಸಿ ಕತ್ತರಿಸಿ ಜೋಡಿಸುವುದೇ ಕಷ್ಟವೆಂದೂ ಆರು ಮಂದಿಯೂ ಕಲಿತರು. ಅಗ್ರಹಾರದ ವೃತ್ತದಲ್ಲಿ, ನೂರೊಂದು ಗಣಪತಿ ದೇವಸ್ಥಾನದ ಎದುರಿಗೆ ತೆಗೆದ ದೃಶ್ಯದಲ್ಲಿ ಬಸ್ಸುಗಳ ಹಾರನ್ನಿನ ಹೊರತು ಬೇರೇನೂ ಕೇಳಿಸದೆ, ಬೆಳಿಗ್ಗೆ ಆರು ಗಂಟೆಗೆ ಹೋಗಿ ಅದನ್ನು ಮತ್ತೆ ತೆಗೆಯಬೇಕಾಯಿತು. ಶನಿವಾರದ ಮಧ್ಯಾಹ್ನ ಎರಡು ಗಂಟೆಗಳ ಕಾಲ ಮಾತ್ರ, ಉಪಾಧ್ಯಾಯಿನಿಯವರ ಎದುರಿನಲ್ಲಿ ಮಾತ್ರ ಮೊಬೈಲೆಂಬ ನಿಯಮವನ್ನು ಅವರು ಒಮ್ಮೆಯೂ ಮೀರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆರು ಮಂದಿಯಲ್ಲಿ ನಾಲ್ವರ ಅಂಕಗಳು ಮೊದಲಿನಂತೆಯೇ ಇದ್ದವು, ಒಬ್ಬಳದು ಏರಿತು, ಒಬ್ಬಳದು ಗಣಿತದಲ್ಲಿ ಇಳಿಯಿತು. ಇಳಿದುದನ್ನೂ ಮುಚ್ಚಿಡದೆ ಹೇಳುತ್ತಿದ್ದೇವೆ. ಕಾಗದ ಬರೆದಿದ್ದ ತಂದೆಯವರು ಡಿಸೆಂಬರಿನಲ್ಲಿ ಒಂದು ಶನಿವಾರ ತಾವಾಗಿಯೇ ಬಂದು, ಹಿಂದಿನ ಬೆಂಚಿನಲ್ಲಿ ಕುಳಿತು, ಮಗಳು ಬಲ್ಬಿನ ತಂತಿ ಜೋಡಿಸುವುದನ್ನು ನೋಡಿ, ಏನೂ ಹೇಳದೆ ಹೊರಟುಹೋದರು. ಮುಂದಿನ ವಾರ ಮಗಳ ಚೀಲದಲ್ಲಿ ಒಂದು ಹೊಸ ಸ್ಕ್ರೂಡ್ರೈವರು ಇದ್ದಿತು.

ಚಿತ್ರವು ಇನ್ನೂ ಮುಗಿದಿಲ್ಲ. ಕೊನೆಯ ದೃಶ್ಯವು ಉಳಿದಿರುವಾಗ, ಎರವಲು ಕೊಟ್ಟಿದ್ದ ಮನೆಯವರಿಗೆ ಪೆಟ್ಟಿಗೆಯನ್ನು ಹಿಂದಿರುಗಿಸಬೇಕಾಗಿ ಬಂದಿತು. ಸಂಕ್ರಾಂತಿಯ ಮುನ್ನ ಮನೆ ಚೊಕ್ಕಟಮಾಡುವಾಗ, ಅಜ್ಜಿಯವರು ಊರಿನಲ್ಲಿಲ್ಲದ ಸಮಯ ನೋಡಿ, ಯಾರೋ ಅದನ್ನು ಗುಜರಿಯವನಿಗೆ ಹಾಕಿಬಿಟ್ಟರು. ಬಾಲಿಕೆಯರು ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದರು. ಈ ಸಂಚಿಕೆಯನ್ನು ಓದುವ ಪ್ರಾಕ್ತನ ವಿದ್ಯಾರ್ಥಿನಿಯರಲ್ಲಿ, ಅಂಚೆಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಹಣ ಕಟ್ಟುತ್ತಿದ್ದ ದಿನಗಳನ್ನು ನೆನಪಿಟ್ಟಿರುವ ಮನೆಗಳವರು ಅನೇಕರಿರಬೇಕು. ಅಂತಹ ಮನೆಯ ಅಟ್ಟದಲ್ಲಿ ಮರದ ಕಟ್ಟಿನ ವಾಲ್ವ್ ರೇಡಿಯೋ ಇದ್ದರೆ, ಎರಡು ಶನಿವಾರಗಳ ಮಟ್ಟಿಗೆ ಎರವಲಾಗಿ ಶಾಲೆಯ ಕಚೇರಿಗೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಕೆಟ್ಟುಹೋಗಿದ್ದರೂ ಚಿಂತೆಯಿಲ್ಲ, ಒಳಗೆ ಏನೂ ಇಲ್ಲದಿದ್ದರೂ ಆಗುತ್ತದೆ. ಡಯಲಿನ ಗಾಜು ಒಡೆಯದಿದ್ದರೆ ಸಾಕು. ಪೆಟ್ಟಿಗೆಯನ್ನು ಪಡೆದುದಕ್ಕೆ ರಸೀತಿ ಕೊಡುತ್ತೇವೆ. ಮರಳಿ ಮನೆಗೆ ತಲುಪಿಸುವ ಹೊಣೆಯೂ ನಮ್ಮದೇ.